ಒಂದೇ ಪೆಟ್ಟಿಗೆ ಸಾಕು ಅಂದುಕೊಂಡಿದ್ದೆ

ನಾನು ಎಲೆಕ್ಟ್ರಿಷಿಯನ್ ಅಲ್ಲ, ಅಡಿಕೆ ತೋಟದವನು. ಸಾಗರ ತಾಲ್ಲೂಕಿನ ತುಮರಿ ಕಡೆ ಮನೆ. ಮನೆಯ ಸುತ್ತ ಒಂದಷ್ಟು ತೋಟ ಇದೆ, ಇನ್ನೊಂದು ತುಂಡು ಶರಾವತಿ ಹಿನ್ನೀರಿನ ಕವಲು ದಾಟಿ ಆಚೆ ದಡದಲ್ಲಿದೆ. ಹಾಗಾಗಿ ನಮ್ಮಲ್ಲಿ ಎರಡು ಗಾಡಿ. ಒಂದು ಹಳೇ ಡೀಸೆಲ್ ಜೀಪು, ಇನ್ನೊಂದು 16 ಅಡಿಯ ಫೈಬರ್ ದೋಣಿ. ದೋಣಿಯ ಎಂಜಿನ್ನು ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಅದಕ್ಕೆ ಬ್ಯಾಟರಿಯೇ ಇಲ್ಲ.

ಬೇಕಾಗಿದ್ದು ಇಷ್ಟೇ. ದೋಣಿಗೆ ಎರಡು ಲೈಟು, ತಳದಲ್ಲಿ ನಿಂತ ನೀರು ಎತ್ತೋಕೆ ಒಂದು ಪಂಪು, ಕರೆಂಟ್ ಹೋದ ರಾತ್ರಿ ಮನೆಗೆ ನಾಲ್ಕು ಬಲ್ಬು. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಒಮ್ಮೊಮ್ಮೆ ಎರಡು ದಿನ, ಮೂರು ದಿನ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದೇ ಕರೆಂಟಿಗಾಗಿ ಅಂತ ನಮ್ಮೂರಲ್ಲಿ ಯಾರಿಗೂ ನೆನಪಿಸಬೇಡಿ, ಬೈಸಿಕೊಳ್ತೀರಿ.

ನನ್ನ ಲೆಕ್ಕ ಹೀಗಿತ್ತು: ಒಂದು ಬ್ಯಾಟರಿಯನ್ನು ಮರದ ಪೆಟ್ಟಿಗೆಯಲ್ಲಿಡೋದು. ಹಗಲು ಜೀಪಿನಲ್ಲಿ ಚಾರ್ಜ್ ಆಗಲಿ, ಸಂಜೆ ದೋಣಿಗೋ ಮನೆಗೋ ಹೊತ್ತುಕೊಂಡು ಹೋಗೋದು. ಎರಡು ಭಾನುವಾರದ ಕೆಲಸ ಅಂದುಕೊಂಡೆ. 2025ರ ಏಪ್ರಿಲ್‌ನಲ್ಲಿ ಶುರುವಾದದ್ದು ಆಗಸ್ಟ್‌ವರೆಗೆ ಎಳೆಯಿತು. ಡೈರಿಯಲ್ಲಿ ಗೀಚಿಕೊಂಡಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಏಪ್ರಿಲ್ 13, ಭಾನುವಾರ

ಸಾಗರದಲ್ಲಿ ಹಳೇ ಕಾರ್ ಬ್ಯಾಟರಿ ಒಂದು ಸಿಕ್ಕಿತು. 12 ವೋಲ್ಟ್, 35 ಆಂಪ್-ಅವರ್ (ಒಂದು ಆಂಪಿನಂತೆ 35 ಗಂಟೆ ಕೊಡುವಷ್ಟು), 1,500 ರೂಪಾಯಿ. ಮನೆ ವೈರಿಂಗಿಗೆ ಹಾಕುವ 2.5 ಸ್ಕ್ವೇರ್ (ಚದರ ಮಿಲಿಮೀಟರ್) ವೈರು 6 ಮೀಟರ್, 210 ರೂ. 40 ಆಂಪಿನ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು, ಸಾಕೆಟ್ ಸಮೇತ 180 ರೂ.

ರಿಲೇ ತಳದಲ್ಲಿ ನಾಲ್ಕು ಕಾಲು, ಪ್ರತಿಯೊಂದರ ಪಕ್ಕ ಚಿಕ್ಕದಾಗಿ ನಂಬರ್: 30, 85, 86, 87. 30ಕ್ಕೆ ಜೀಪಿನ ಬ್ಯಾಟರಿಯ ಪ್ಲಸ್, 87ರಿಂದ ಪೆಟ್ಟಿಗೆಗೆ. 86ಕ್ಕೆ ಕೀ ತಿರುಗಿಸಿದಾಗ ಬರುವ ವೈರು, 85 ಗಾಡಿಯ ಕಬ್ಬಿಣದ ಮೈಗೆ. ಕೀ ಆನ್ ಮಾಡಿದರೆ 'ಟಕ್' ಅನ್ನುತ್ತದೆ, ಎರಡು ಬ್ಯಾಟರಿ ಸೇರುತ್ತವೆ. ರಿಲೇಯನ್ನು ಹಿಂದೆ ಪೆಟ್ಟಿಗೆಯ ಪಕ್ಕವೇ ಕೂರಿಸಿದೆ. ಅದರ ಪಕ್ಕ 30 ಆಂಪಿನ ಫ್ಯೂಸು. ಮೈನಸ್ಸಿಗೆ ವೈರೇ ಎಳೆಯಲಿಲ್ಲ. ಹಿಂದಿನ ಫ್ಲೋರಿನ ಒಂದು ಬೋಲ್ಟಿಗೆ ಕಟ್ಟಿದೆ. ಗಾಡಿಯಲ್ಲಿ ಎಲ್ಲರೂ ಮಾಡೋದೇ ಅದು, ಬಾಡಿ ಅರ್ತ್, ಅಂದರೆ ಗಾಡಿಯ ಮೈಯೇ ಮೈನಸ್ ವೈರು.

ಟೆಸ್ಟ್ ಲ್ಯಾಂಪ್ ಹಿಡಿದೆ, ಝಗ್ ಅಂತ ಉರಿಯಿತು. ಮೂರು ಗಂಟೆಯ ಕೆಲಸ. ಅವತ್ತು ಸಂಜೆ ನಾನು ಸಿಕ್ಕವರಿಗೆಲ್ಲ ಅದನ್ನು ತೋರಿಸಿದ್ದೇನೆ. ಅವತ್ತಿನ ಈ ಕೆಲಸದಲ್ಲಿ ಹಲವು ತಪ್ಪಿವೆ, ಒಂದೊಂದೇ ಹೊರಗೆ ಬರುತ್ತವೆ.

ಏಪ್ರಿಲ್ 20

ಪೆಟ್ಟಿಗೆಗೆ 18 ವ್ಯಾಟಿನ ಎರಡು ಎಲ್ಇಡಿ ಲೈಟ್ ಹಾಕಿದೆ. ಎರಡೂ ಸೇರಿ 36 ವ್ಯಾಟ್, ಅಂದರೆ 12 ವೋಲ್ಟಿಗೆ 3 ಆಂಪ್. 35 ಆಂಪ್-ಅವರ್ ಬ್ಯಾಟರಿ ಹನ್ನೊಂದು ಗಂಟೆ ಬರಬೇಕು ಅಲ್ವಾ? ಎರಡೂವರೆ ಗಂಟೆಗೆ ಲೈಟು ಮಂಕಾಯಿತು. ಸಾಗರಕ್ಕೆ ಹೋಗಿ ಬಂದ ದಿನವೂ ಅಷ್ಟೇ, ಜೀಪು ಗಂಟೆಗಟ್ಟಲೆ ಓಡಿದರೂ ಪೆಟ್ಟಿಗೆ ತುಂಬಿದಂತೆ ಕಾಣಲಿಲ್ಲ.

ಆಟೋ ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿದೆ. ಅವರೂ ಟೆಸ್ಟ್ ಲ್ಯಾಂಪ್ ಹಿಡಿದರು. "ಕರೆಂಟ್ ಬರ್ತಾ ಇದೆಯಲ್ಲ ಸಾರ್, ನಿಮ್ಮ ಬ್ಯಾಟರಿನೇ ಹೋಗಿದೆ" ಅಂದರು. ಅರ್ಧ ಸರಿ. ಬ್ಯಾಟರಿಯೂ ಹೋಗುತ್ತಿತ್ತು. ಆದರೆ ಗ್ಯಾರೇಜಿನಲ್ಲಿ ವೋಲ್ಟಿಗೂ ಕರೆಂಟ್, ಆಂಪಿಗೂ ಕರೆಂಟ್, ವ್ಯಾಟಿಗೂ ಕರೆಂಟ್. ಟೆಸ್ಟ್ ಲ್ಯಾಂಪಿನ ಪುಟ್ಟ ಬಲ್ಬು ಉರಿಯೋಕೆ ಕಾಲು ಆಂಪೂ ಬೇಡ. ಅದು ಉರಿದ ಮಾತ್ರಕ್ಕೆ ಆ ವೈರು 16 ಆಂಪ್ ಎಳೆಯುವಾಗ ಏನು ಮಾಡುತ್ತೆ ಅಂತ ಗೊತ್ತಾಗಲ್ಲ. ಬಾವಿಯ ಪೈಪಿನಲ್ಲಿ ತೊಟ್ಟು ನೀರು ಬಂತು ಅಂತ ತೋಟ ತೊಯ್ಯುತ್ತದೆ ಅಂದಹಾಗೆ.

ಆಂಪ್ ಅಳೆಯೋಕೆ ಕ್ಲಾಂಪ್ ಮೀಟರ್ ತಂದೆ, 900 ರೂ. ವೈರಿನ ಸುತ್ತ ಹಿಡಿದರೆ ಸೊನ್ನೆ. ಎಂಜಿನ್ ರೇಸ್ ಮಾಡಿದರೂ ಸೊನ್ನೆ. ವೈರೇ ಕಟ್ ಆಗಿದೆ ಅಂತ ಒಂದು ಗಂಟೆ ಹುಡುಕಿದೆ. ಆಮೇಲೆ ಮೀಟರಿನ ಮುಖ ಸರಿಯಾಗಿ ನೋಡಿದೆ. ಆಂಪಿನ ಪಕ್ಕ ಅಲೆಯ ಗುರುತು ಮಾತ್ರ ಇತ್ತು, ನೇರ ಗೆರೆ ಇರಲಿಲ್ಲ. ಅದು ಮನೆಯ ಎಸಿ ಕರೆಂಟನ್ನು ಮಾತ್ರ ಅಳೆಯುತ್ತದೆ, ಬ್ಯಾಟರಿಯ ಡಿಸಿ ಅದಕ್ಕೆ ಕಾಣೋದೇ ಇಲ್ಲ. ಡಿಸಿ ಕ್ಲಾಂಪ್ ಬೇರೆ ತರಿಸಿದೆ, 2,300 ರೂ. ಈ ಪಟ್ಟಿಯಲ್ಲಿ ಒಂದೇ ಒಂದು ವಸ್ತು ಕೊಳ್ಳಿ ಅಂದರೆ ಅದನ್ನೇ ಹೇಳುತ್ತೇನೆ. ಕೊಳ್ಳುವ ಮುಂಚೆ ಆ ನೇರ ಗೆರೆ ನೋಡಿ.

ಏಪ್ರಿಲ್ 27

ಎಂಜಿನ್ ಓಡಿಸಿಕೊಂಡು ಅಳೆದೆ. ಪೆಟ್ಟಿಗೆಗೆ 16 ಆಂಪ್ ಹೋಗುತ್ತಿದೆ. ಮುಂದೆ ಜೀಪಿನ ಬ್ಯಾಟರಿ ಮೇಲೆ 14.1 ವೋಲ್ಟ್, ಹಿಂದೆ ಪೆಟ್ಟಿಗೆಯಲ್ಲಿ 13.1. ಒಂದು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಲೆಡ್ ಬ್ಯಾಟರಿಗೆ 13.1 ಅಂದರೆ ಹಸಿದವನಿಗೆ ಮಜ್ಜಿಗೆ ನೀರು ಕೊಟ್ಟಹಾಗೆ, ಹೊಟ್ಟೆ ತುಂಬಲ್ಲ.

ಎಲ್ಲಿ ಕಳೆಯಿತು ಅಂತ ಹುಡುಕೋದು ಸುಲಭ. ಮೀಟರನ್ನು ವೋಲ್ಟಿಗಿಟ್ಟು, ಒಂದು ಕಡ್ಡಿ ಮುಂದಿನ ಪ್ಲಸ್ಸಿಗೆ, ಇನ್ನೊಂದು ಹಿಂದಿನ ಪ್ಲಸ್ಸಿಗೆ. ಎರಡೂ ಪ್ಲಸ್, ಸೊನ್ನೆ ಬರಬೇಕು. 0.6 ಬಂತು. ಅದು 5 ಮೀಟರ್ ತೆಳು ವೈರು ತಿಂದದ್ದು. ಹಾಗೇ ಮೈನಸ್ಸಿನಿಂದ ಮೈನಸ್ಸಿಗೆ ಹಿಡಿದೆ, 0.4. ಅದು ಬಾಡಿ ಅರ್ತ್ ತಿಂದದ್ದು. ಇಷ್ಟು ದೊಡ್ಡ ಕಬ್ಬಿಣದ ಬಾಡಿ ಅಷ್ಟು ತಿನ್ನುತ್ತದೆಯೇ ಅಂತ ಆ ಬೋಲ್ಟು ಬಿಚ್ಚಿದೆ. ವಾಷರಿನ ಕೆಳಗೆ ಹಸಿರು ಪೇಂಟ್, ಅದರ ಕೆಳಗೆ ತುಕ್ಕು, ತುಕ್ಕಿನ ಸಂದಿಯಲ್ಲಿ ನಮ್ಮೂರಿನ ಕೆಮ್ಮಣ್ಣು. ನಾನು ಪೇಂಟಿನ ಮೇಲೇ ಬೋಲ್ಟ್ ಬಿಗಿದಿದ್ದೆ. ಅಷ್ಟೂ ಆಂಪು ಬೋಲ್ಟಿನ ಎರಡು ಮೂರು ಎಳೆ ಹಲ್ಲಿನ ಮೂಲಕ ಹೋಗುತ್ತಿತ್ತು.

ದಪ್ಪ ಕೇಬಲ್ಲಿಗೆ ಶಿವಮೊಗ್ಗಕ್ಕೇ ಹೋಗಬೇಕು. ಮುಂದಿನ ವಾರ ಅಂದುಕೊಂಡು ಸುಮ್ನೆ ಬಿಟ್ಟೆ.

ಮೇ 4

ಸಾಗರದಿಂದ ಬರುತ್ತಾ ಅಂಬಾರಗೊಡ್ಲು ದಡದಲ್ಲಿ, ಗಾಡಿಗಳನ್ನು ಹಿನ್ನೀರು ದಾಟಿಸುವ ಲಾಂಚಿಗೆ ಕಾಯುತ್ತಿದ್ದೆ. ಸಿಗಂದೂರು ದೇವಸ್ಥಾನಕ್ಕೆ ಹೋಗುವವರ ಸಾಲು ಉದ್ದ ಇತ್ತು. ಎಂಜಿನ್ ಆಫ್, ಕೀ ಜೇಬಿನಲ್ಲಿ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಹಿಂದಿನ ಸೀಟಿನ ಕೆಳಗಿಂದ ಬಿಳಿ ಹೊಗೆ. ಪಕ್ಕದಲ್ಲಿ ಖಾಲಿ ಗೋಣಿಚೀಲಗಳ ಕಟ್ಟು.

ಬಾನೆಟ್ ತೆಗೆದು ಬ್ಯಾಟರಿಯ ಮೈನಸ್ ಕ್ಲಾಂಪ್ ಕೀಳಬೇಕು. ಸ್ಪ್ಯಾನರು ಟೂಲ್ ಚೀಲದಲ್ಲಿ, ಟೂಲ್ ಚೀಲ ಹೊಗೆ ಬರುವ ಸೀಟಿನ ಕೆಳಗೆ. ಹಿಂದಿನ ಗಾಡಿಯ ಡ್ರೈವರ್ ಇಕ್ಕಳ ಹಿಡಿದು ಓಡಿಬಂದ. ಕ್ಲಾಂಪ್ ತಿರುಚಿ ಎಳೆದೆವು. ಆಮೇಲೆ ಬುದ್ಧಿಯಿಲ್ಲದೆ ವೈರು ಮುಟ್ಟಿ ಎರಡು ಬೆರಳು ಸುಟ್ಟುಕೊಂಡೆ. ವೈರಿನ ಕೆಂಪು ಕೋಟು ಮೇಣದ ಹಾಗೆ ಕರಗಿ ಫ್ಲೋರಿಗೆ ಅಂಟಿಕೊಂಡಿತ್ತು, ಒಳಗಿನ ತಾಮ್ರ ನೇರಳೆ ಬಣ್ಣಕ್ಕೆ ತಿರುಗಿತ್ತು. ಇದು ಲಾಂಚಿನ ಮೇಲೆ, ನಡುನೀರಿನಲ್ಲಿ, ಸುತ್ತ ಅಷ್ಟು ಗಾಡಿಗಳ ಮಧ್ಯೆ ಆಗಿದ್ದರೆ ಅಂತ ಈಗಲೂ ಒಮ್ಮೊಮ್ಮೆ ರಾತ್ರಿ ಅನ್ನಿಸುತ್ತದೆ.

ಆಗಿದ್ದು ಇಷ್ಟು. ಫ್ಲೋರಿನ ತಗಡಿಗೆ ತೂತು ಕೊರೆದು ವೈರು ದಾಟಿಸಿದ್ದೆ, ರಬ್ಬರ್ ಬುಷ್ ಹಾಕಿರಲಿಲ್ಲ. ನಮ್ಮ ರಸ್ತೆಯ ಕುಲುಕಾಟಕ್ಕೆ ಮೂರು ವಾರದಲ್ಲಿ ತಗಡಿನ ಅಂಚು ವೈರನ್ನು ಕೊಯ್ದಿತ್ತು. ಫ್ಯೂಸ್ ಇತ್ತಲ್ಲ? ಇತ್ತು, ಹಿಂದೆ, ಪೆಟ್ಟಿಗೆಯ ಹತ್ತಿರ. ಬಿಚ್ಚಿ ನೋಡಿದರೆ ಹೊಸದರಂತೆ ಹೊಳೆಯುತ್ತಿತ್ತು. ಶಾರ್ಟ್ ಆದದ್ದು ಅದಕ್ಕಿಂತ ಮುಂದೆ, ಜೀಪಿನ ಬ್ಯಾಟರಿಗೂ ಫ್ಯೂಸಿಗೂ ನಡುವೆ. ಅಷ್ಟು ವೈರಿಗೆ ಕಾವಲೇ ಇರಲಿಲ್ಲ.

ಫ್ಯೂಸ್ ಇರೋದು ಲೈಟನ್ನೋ ಪಂಪನ್ನೋ ಉಳಿಸೋಕೆ ಅಂತ ನಾನು ತಿಳಿದಿದ್ದೆ. ಅದು ವೈರನ್ನು ಉಳಿಸೋಕೆ. ಹಾಗಾಗಿ ಬ್ಯಾಟರಿಯ ಬುಡದಲ್ಲೇ ಇರಬೇಕು. ಅಮೆರಿಕದ ದೋಣಿ ವೈರಿಂಗಿನ ಮಾನದಂಡದಲ್ಲಿ ಇದಕ್ಕೆ 7 ಇಂಚು ಅಂತಲೇ ಇದೆ, ನಮ್ಮ ಲೆಕ್ಕದಲ್ಲಿ ಒಂದು ಗೇಣಿನೊಳಗೆ. ವೈರಿನ ಎರಡೂ ತುದಿಯಲ್ಲಿ ಬ್ಯಾಟರಿ ಇದ್ದರೆ ಎರಡೂ ತುದಿಯಲ್ಲಿ ಫ್ಯೂಸ್ ಬೇಕು.

ಮೇ 10, 11

ಶಿವಮೊಗ್ಗ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಅರ್ಧ ದಿನ ಸುತ್ತಿದೆ. 16 ಸ್ಕ್ವೇರಿನ ಮೆತ್ತನೆ ತಾಮ್ರದ ಕೇಬಲ್ 11 ಮೀಟರ್, ಮೀಟರಿಗೆ 240ರಂತೆ 2,640. ಈ ಸಲ ಮೈನಸ್ಸಿಗೂ ಕೇಬಲ್ಲೇ, ಬಾಡಿಯನ್ನು ನಂಬುವುದಿಲ್ಲ. 50 ಆಂಪಿನ ಬೋಲ್ಟ್ ಮಾಡುವ ಫ್ಯೂಸು, ಹೋಲ್ಡರ್ ಸಮೇತ ಎರಡು, 700. ಪೆಟ್ಟಿಗೆ ಕಳಚಿ ಸಿಕ್ಕಿಸೋಕೆ 50 ಆಂಪಿನ ಆಂಡರ್ಸನ್ ಪ್ಲಗ್ ಮೂರು ಜೋಡಿ, 750.

ಕೇಬಲ್ಲಿನ ತುದಿಗೆ ಹಾಕುವ ಲೋಹದ ಬಳೆಯನ್ನು, ಅಂದರೆ ಲಗ್ಗನ್ನು, ಮನೆಯಲ್ಲೇ ಸುತ್ತಿಗೆ, ಉಳಿ ಇಟ್ಟು ಒತ್ತಿದೆ. ಗಟ್ಟಿಯಾಗಿ ಕಂಡಿತು. ಭಾವ ಬಂದು ಕೈಯಲ್ಲಿ ಎಳೆದ, ಲಗ್ ಅವನ ಕೈಗೆ, ಕೇಬಲ್ ನನ್ನ ಕೈಗೆ. ಮಾರನೇ ದಿನ ಸಾಗರದಲ್ಲಿ ಹೈಡ್ರಾಲಿಕ್ ಇಕ್ಕಳ ಇರುವ ಅಂಗಡಿಯಲ್ಲಿ ಒತ್ತಿಸಿದೆ. ಲಗ್, ಕೂಲಿ ಎಲ್ಲ ಸೇರಿ 160.

16 ಸ್ಕ್ವೇರು ಪ್ಲಗ್ಗಿನ ಪಿನ್ನಿನೊಳಗೆ ಹೋಗಲಿಲ್ಲ. ಸುತ್ತಲಿನ ನಾಲ್ಕು ಎಳೆ ಕತ್ತರಿಸಿ ತುರುಕೋಣ ಅಂತ ಕತ್ತರಿ ಕೈಗೆತ್ತಿಕೊಂಡಿದ್ದೆ ಕೂಡ. ಸುಟ್ಟ ಬೆರಳು ನೋಡಿ ವಾಪಸ್ ಇಟ್ಟೆ. ಕೇಬಲ್ಲನ್ನು ಒಂದು ಬೋಲ್ಟಿನವರೆಗೆ ತಂದು, ಅಲ್ಲಿಂದ ಪ್ಲಗ್ಗಿಗೆ ಒಂದಡಿ 10 ಸ್ಕ್ವೇರ್ ತುಂಡು ಹಾಕಿದೆ. ಅಂಗಡಿಯಲ್ಲೇ ಬಿದ್ದಿದ್ದ ತುಂಡು, ದುಡ್ಡು ತೆಗೆದುಕೊಳ್ಳಲಿಲ್ಲ. ತಗಡಿನ ತೂತಿಗೆ ರಬ್ಬರ್ ಬುಷ್, ಕೇಬಲ್ಲಿನ ಮೇಲೆ ಹಳೇ ಗಾರ್ಡನ್ ಪೈಪು ಸೀಳಿ ಹೊದಿಸಿದೆ.

ಮೇ 18

ಇದು ನನಗೆ ತುಂಬಾ ಬೇಜಾರಾದ ದಿನ. ಯಾಕೆಂದರೆ ಸರಿ ಮಾಡಿದ್ದರಿಂದಲೇ ಕೆಟ್ಟದ್ದು.

ಶನಿವಾರ ರಾತ್ರಿ ಪೆಟ್ಟಿಗೆ ಜೀಪಿನಲ್ಲೇ ಇತ್ತು. ಅದರಿಂದ ಕೊಟ್ಟಿಗೆಗೆ ಲೈಟ್ ಎಳೆದಿದ್ದೆ. ಕೀ ಆಫ್ ಇದೆ, ರಿಲೇ ಬಿಟ್ಟಿರುತ್ತದೆ, ಜೀಪಿನ ಬ್ಯಾಟರಿಗೆ ಏನೂ ಆಗಲ್ಲ ಅಂತ ಧೈರ್ಯ. ಬೆಳಗ್ಗೆ ಸೆಲ್ಫ್ (ಸ್ಟಾರ್ಟರ್) ಹೊಡೆದರೆ 'ಕಟ ಕಟ' ಅಷ್ಟೇ. ಜೀಪಿನ ಬ್ಯಾಟರಿ 10.9 ವೋಲ್ಟ್. ಪೆಟ್ಟಿಗೆಯೂ 10.9. ಎರಡೂ ಕಡೆ ಒಂದೇ ಅಂಕಿ ಬಂದಾಗ ಹೊಟ್ಟೆಯಲ್ಲಿ ಏನೋ ಆಯಿತು. ರಿಲೇ ಬಿಟ್ಟೇ ಇರಲಿಲ್ಲ. ಒಡೆದು ನೋಡಿದೆ. ಒಳಗಿನ ಎರಡು ಪುಟ್ಟ ಲೋಹದ ಗುಂಡಿಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು. ಉಗುರಿನಲ್ಲಿ ಕೆದಕಿದರೂ ಬಿಡಲಿಲ್ಲ.

ಕೀ ಆನ್ ಆದ ಕೂಡಲೇ ರಿಲೇ ಎರಡನ್ನೂ ಸೇರಿಸುತ್ತದೆ. ಆಮೇಲೆ ಸೆಲ್ಫ್ ಹೊಡೆಯುತ್ತೇವೆ. ಡೀಸೆಲ್ ಜೀಪಿನ ಸೆಲ್ಫ್ ನೂರಾರು ಆಂಪ್ ಎಳೆಯುತ್ತದೆ, ಪೆಟ್ಟಿಗೆಯಿಂದಲೂ ತನ್ನ ಪಾಲು ಕೇಳುತ್ತದೆ. ಮೊದಲು ವೈರು ತೆಳುವಾಗಿತ್ತು, ಪೇಂಟಿನ ಮೇಲಿನ ಬೋಲ್ಟು ಬೇರೆ, ಹಾಗಾಗಿ ಜಾಸ್ತಿ ಬರುತ್ತಿರಲಿಲ್ಲ. ದಪ್ಪ ಕೇಬಲ್ ಹಾಕಿ ದಾರಿ ಅಗಲ ಮಾಡಿಕೊಟ್ಟೆ, 40 ಆಂಪಿನ ರಿಲೇ ಸತ್ತುಹೋಯಿತು. ಫ್ಯೂಸು ಒಂದೆರಡು ಸೆಕೆಂಡ್ ತಡೆದುಕೊಳ್ಳುವ ಜಾತಿಯದು, ಅದು ಹೋಗಲಿಲ್ಲ. ತೋಟಕ್ಕೆ ಬಂದ ಮೂವರು ಸೇರಿ ಜೀಪನ್ನು ಇಳಿಜಾರಿಗೆ ತಳ್ಳಿದರು. ಅವರಿಗೆ ಇವತ್ತಿಗೂ ಅದು ತಮಾಷೆ.

ವೋಲ್ಟೇಜ್ ನೋಡಿ ತಾನೇ ಸೇರಿಸುವ ರಿಲೇ ತರಿಸಿದೆ, 2,100 ರೂ. ಅಂಗಡಿಯವರು ವಿಎಸ್ಆರ್ ಅನ್ನುತ್ತಾರೆ. ಕೀ ಜೊತೆ ಅದಕ್ಕೆ ಸಂಬಂಧವಿಲ್ಲ. ಎಂಜಿನ್ ಓಡಿ, ಡೈನಮೋ ಕೆಲಸ ಮಾಡಿ, ಜೀಪಿನ ಬ್ಯಾಟರಿ 13.3 ವೋಲ್ಟ್ ಮುಟ್ಟಿದ ಮೇಲೆ ಸೇರಿಸುತ್ತದೆ. 12.8ಕ್ಕೆ ಇಳಿದರೆ ಬಿಡುತ್ತದೆ. ಸೆಲ್ಫ್ ಹೊಡೆಯುವ ಹೊತ್ತಿಗೆ ಪೆಟ್ಟಿಗೆ ಬೇರೆಯೇ ಇರುತ್ತದೆ. ಇದನ್ನು ಮುಂದೆ, ಜೀಪಿನ ಬ್ಯಾಟರಿಯ ಪಕ್ಕ ಕೂರಿಸಿದೆ.

ಜೂನ್ 1

ಈ ಸಲ ಮಳೆಗಾಲ ಬೇಗ. ಮೇ 24ಕ್ಕೇ ಕೇರಳ ಮುಟ್ಟಿ, ನಮಗೂ ತಡ ಮಾಡದೆ ಬಂತು. ದೋಣಿ ಕೆಲಸ ಬಿಸಿಲಲ್ಲೇ ಮುಗಿಸಬೇಕು ಅಂತ ಇದ್ದದ್ದು ಹಾಗೇ ಉಳಿಯಿತು.

ಕಾರ್ ಬ್ಯಾಟರಿ ಗುಜರಿಗೆ ಹೋಯಿತು. ಅದು ಸೆಲ್ಫಿಗೆ ಮಾಡಿದ್ದು. ಒಂದೆರಡು ಸೆಕೆಂಡ್ ಭಾರೀ ಆಂಪ್ ಕೊಟ್ಟು, ತಕ್ಷಣ ಡೈನಮೋದಿಂದ ತುಂಬಿಸಿಕೊಳ್ಳೋಕೆ. ರಾತ್ರಿಯಿಡೀ ಸ್ವಲ್ಪ ಸ್ವಲ್ಪ ಕೊಟ್ಟು ತಳ ಕಾಣುವ ಕೆಲಸ ಅದಕ್ಕೆ ಆಗಿಬರಲ್ಲ. ಈ ಸಲ ಯುಪಿಎಸ್‌ಗೆ ಹಾಕುವ ಸೀಲ್ಡ್ ಬ್ಯಾಟರಿ, 65 ಆಂಪ್-ಅವರ್, 7,200 ರೂ. ಓರೆಯಾದರೂ ಆಸಿಡ್ ಚೆಲ್ಲಲ್ಲ, ದೋಣಿಗೆ ಅದು ಮುಖ್ಯ. ಮೈಮೇಲೆ ಚಾರ್ಜಿಂಗ್ ಕರೆಂಟ್ 19.5 ಆಂಪ್ ದಾಟಬಾರದು ಅಂತ ಬರೆದಿತ್ತು. ಜೀಪಿನಲ್ಲಿ ಅಳೆದರೆ ಶುರುವಿಗೆ 18. ಅದೃಷ್ಟ ಅಷ್ಟೇ, ಲೆಕ್ಕ ಹಾಕಿ ಕೊಂಡಿದ್ದಲ್ಲ.

ಮುಂದೆ 14.1, ಪೆಟ್ಟಿಗೆಯಲ್ಲಿ 13.8. ಅರ್ಧ ಗಂಟೆ ಬಿಟ್ಟು ಆಂಪ್ ಇಳಿದ ಮೇಲೆ 14.0. ಇದಕ್ಕಾಗಿ ಕಾದಿದ್ದು ಏಳು ವಾರ. ಆದರೂ ಜೀಪಿನ ಚಾರ್ಜು ಈ ಬ್ಯಾಟರಿಗೆ ಪೂರ್ತಿ ಸಾಲಲ್ಲ. ಹದಿನೈದು ದಿನಕ್ಕೊಮ್ಮೆ ಮನೆಯ ಚಾರ್ಜರಿನಲ್ಲಿ 14.4ಕ್ಕೆ ಇಡೀ ರಾತ್ರಿ ಇಡುತ್ತೇನೆ.

ಪೆಟ್ಟಿಗೆ 12 ಎಂಎಂ ಪ್ಲೈವುಡ್, ಎರಡು ಕಡೆ ಹಗ್ಗದ ಹಿಡಿ, ಗಾಳಿಗೆ ತೂತು, 900 ರೂ. ಬ್ಯಾಟರಿ ಸೇರಿ 20 ಕಿಲೋ ಮೇಲೆ. ಆಗಿನ್ನೂ ಹಿನ್ನೀರು ತಳ ಹಿಡಿದಿತ್ತು. ಮನೆಯಿಂದ ದೋಣಿಗೆ ಕೆಸರಿನಲ್ಲಿ ಮುನ್ನೂರು ಹೆಜ್ಜೆ. ಪೆಟ್ಟಿಗೆ ಹೊರುವ ಕಷ್ಟ ಕಾಗದದ ಮೇಲೆ ಲೆಕ್ಕ ಹಾಕುವಾಗ ಇರಲಿಲ್ಲ.

ಜೂನ್ 8, ದೋಣಿ

ಲೈಟಿನ ಕೆಂಪು ವೈರನ್ನು ಪೆಟ್ಟಿಗೆಯ ಪ್ಲಸ್ಸಿಗೆ ಕೊಟ್ಟೆ. ಕಪ್ಪು ವೈರನ್ನು ಎಂಜಿನ್ ಕೂರುವ ಕಬ್ಬಿಣದ ಪಟ್ಟಿಗೆ ಬಿಗಿದೆ, ಪೇಂಟ್ ಕೆರೆದು, ಪಾಠ ಕಲಿತವನ ಹಾಗೆ. ಪೆಟ್ಟಿಗೆಯ ಮೈನಸ್ಸನ್ನು ಮುಂದಿನ ಹಗ್ಗ ಕಟ್ಟುವ ಕೊಂಡಿಗೆ. ಸ್ವಿಚ್ ಹಾಕಿದೆ, ಏನೂ ಇಲ್ಲ. ಫ್ಯೂಸ್ ನೋಡಿದೆ, ಲೈಟ್ ಬದಲಿಸಿದೆ. ಭಾವ ದಡದಲ್ಲಿ ಕವಳ ಹಾಕುತ್ತಾ ನೋಡುತ್ತಿದ್ದ.

"ಭಾವಾ, ಫೈಬರಿಗೆ ಎಲ್ಲಿಂದ ಬಂತು ಬಾಡಿ ಅರ್ತ್?" ಅಂತ ಅವನೇ ಕೇಳಿದ.

ಹೌದಲ್ಲ. ಪಟ್ಟಿಗೂ ಕೊಂಡಿಗೂ ನಡುವೆ ಹತ್ತು ಅಡಿ ಪ್ಲಾಸ್ಟಿಕ್. ಎರಡು ತಿಂಗಳು ಜೀಪಿನ ಕೆಳಗೆ ಮಲಗಿ ಮಲಗಿ, ಮೈನಸ್ ಅಂದರೆ ಕಬ್ಬಿಣ ಅಂತ ತಲೆಗೆ ಕೂತಿತ್ತು. ಅರ್ತ್ ಅನ್ನೋ ಮಾತೇ ಮೋಸದ್ದು. ಮನೆಯಲ್ಲಿ ಅದು ಇದ್ದಿಲು ಉಪ್ಪು ಹಾಕಿದ ಗುಂಡಿ, ಶಾಕ್ ಹೊಡೆಯದೇ ಇರೋಕೆ. ಜೀಪಿನಲ್ಲಿ ಅದು ಕರೆಂಟ್ ವಾಪಸ್ ಹೋಗುವ ದಾರಿ. ಫೈಬರ್ ದೋಣಿಯಲ್ಲಿ ಎರಡೂ ಇಲ್ಲ. ಹೋಗೋಕೆ ಒಂದು ವೈರು, ಬರೋಕೆ ಒಂದು ವೈರು, ಪ್ರತಿಯೊಂದಕ್ಕೂ. ಕಬ್ಬಿಣದ ದೋಣಿಯಲ್ಲೂ ಹೀಗೇ ಎರಡು ವೈರು ಎಳೆಯುತ್ತಾರೆ. ದೋಣಿಯ ಮೈಯಲ್ಲಿ ಕರೆಂಟ್ ಹರಿಸಿ ನೀರಿನಲ್ಲಿ ಇಟ್ಟರೆ ಲೋಹ ಬೇಗ ಸವೆದುಹೋಗುತ್ತದೆ.

ಆರು ಫ್ಯೂಸಿನ ಡಬ್ಬಿ 450, 1100 ಜಿಪಿಎಚ್ ಎಂದು ಬರೆದ ಪಂಪು 1,450, ನೀರು ಬಂದಾಗ ತಾನೇ ಆನ್ ಆಗುವ ಫ್ಲೋಟ್ ಸ್ವಿಚ್ 650. ಆ 1100 ಅಂದರೆ ಗಂಟೆಗೆ ಅಷ್ಟು ಗ್ಯಾಲನ್, ಲೀಟರಿನಲ್ಲಿ 4,160. ಪೈಪು ಸಿಕ್ಕಿಸಿ ದೋಣಿಯ ಅಂಚಿನ ಎತ್ತರಕ್ಕೆ ಎತ್ತಿಸಿದೆ. 20 ಲೀಟರ್ ಬಕೆಟ್ ತುಂಬೋಕೆ 26 ಸೆಕೆಂಡ್. ಅಂದರೆ ನಿಮಿಷಕ್ಕೆ 46 ಲೀಟರ್, ಗಂಟೆಗೆ 2,770. ಡಬ್ಬಿಯ ಮೇಲಿನದು ಎತ್ತರ ಇಲ್ಲದಾಗಿನ ಅಂಕಿ. ಎಳೆದದ್ದು 3.4 ಆಂಪ್.

ಜೂನ್ 23

ವೈರಿನ ಜೋಡಣೆಗಳನ್ನು ತಿರುಚಿ, ಕಪ್ಪು ಟೇಪ್ ಸುತ್ತಿದ್ದೆ. ಎರಡೇ ವಾರ. ಒಂದು ಲೈಟ್ ಮಿಣುಕೋಕೆ ಶುರುವಾಯಿತು. ಟೇಪ್ ಬಿಚ್ಚಿದರೆ ಒಳಗೆ ನೀರು, ತಾಮ್ರದ ಮೇಲೆ ಹಸಿರು ಪುಡಿ. ಕತ್ತರಿಸಿ ಹೊಸದಾಗಿ ಸುಲಿದೆ, ಅಲ್ಲೂ ಕಪ್ಪು. ಇನ್ನೂ ಎರಡು ಇಂಚು ಹಿಂದಕ್ಕೆ ಹೋದರೂ ಕಪ್ಪೇ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಎಳೆಗಳು ನೀರನ್ನು ಒಳಕ್ಕೆ ಎಳೆದಿದ್ದವು. ಇದು ಸಿಹಿನೀರು, ಸಮುದ್ರದ ಉಪ್ಪುನೀರಾಗಿದ್ದರೆ ಎರಡು ವಾರವೂ ಬರುತ್ತಿರಲಿಲ್ಲ. ಎಳೆ ಎಳೆಗೂ ತವರ ಹಚ್ಚಿದ ದೋಣಿ ವೈರು 20 ಮೀಟರ್ ತರಿಸಿದೆ, 1,600 ರೂ. ಜೋಡಣೆಗೆ ಒಳಗೆ ಅಂಟು ಇರುವ ಸ್ಲೀವ್, ಲೈಟರಿನಲ್ಲಿ ಬಿಸಿ ಮಾಡಿದರೆ ಕುಗ್ಗಿ ಅಂಟು ಹೊರಗೆ ಜಿನುಗಬೇಕು. ಜಿನುಗದಿದ್ದರೆ ಅದು ಬರೀ ಅಲಂಕಾರ.

ಅದೇ ವಾರಾಂತ್ಯ ಇನ್ನೊಂದು. ಶನಿವಾರ ಸಂಜೆ ಪೆಟ್ಟಿಗೆಯನ್ನು ದೋಣಿಯಲ್ಲೇ ಬಿಟ್ಟಿದ್ದೆ. ಸೋಮವಾರ ಬೆಳಗ್ಗೆ 10.2 ವೋಲ್ಟ್. ಫ್ಲೋಟ್ ಸ್ವಿಚ್ಚಿನ ಕೆಳಗೆ ಒಂದು ಅಡಿಕೆ ಸಿಪ್ಪೆ ಸಿಕ್ಕಿಕೊಂಡಿತ್ತು. ನೀರು ಖಾಲಿಯಾದರೂ ಫ್ಲೋಟ್ ಇಳಿಯಲಿಲ್ಲ, ಪಂಪು ಒಂದೂವರೆ ದಿನ ಒಣಗಿ ಓಡಿದೆ. ಪಂಪು ಬದುಕಿತು, ಹೇಗೆ ಅಂತ ಗೊತ್ತಿಲ್ಲ. ಬ್ಯಾಟರಿಯನ್ನು ನಿಧಾನಕ್ಕೆ ಎರಡು ದಿನ ಚಾರ್ಜ್ ಮಾಡಿ ಎಬ್ಬಿಸಿದೆ. ಫ್ಲೋಟಿನ ಸುತ್ತ ಸೊಳ್ಳೆ ಪರದೆಯ ತಂತಿ ಜಾಲರಿ ಹಾಕಿದೆ. ಇನ್ನು ಮೇಲೆ ಪೆಟ್ಟಿಗೆಯನ್ನು ರಾತ್ರಿ ದೋಣಿಯಲ್ಲಿ ಬಿಡಬಾರದು ಅಂತ ಡೈರಿಯಲ್ಲಿ ಎರಡು ಗೆರೆ ಎಳೆದು ಬರೆದೆ.

ಜುಲೈ 6

ಮೂರನೇ ದಿನವೂ ಕರೆಂಟ್ ಇಲ್ಲ. ಪೆಟ್ಟಿಗೆಯಿಂದ ನಾಲ್ಕು ಬಲ್ಬು ಉರಿಯುತ್ತಿದ್ದವು, ಮನೆಯಲ್ಲಿ ನನಗೆ ಮರ್ಯಾದೆ ಬಂದಿತ್ತು. ಅದರಲ್ಲೇ ಮಿಕ್ಸಿ ಓಡಿಸೋಕೆ ಆಗಲ್ವಾ ಅಂತ ನಮ್ಮನೆಯವಳು ಕೇಳಿದಳು. ಪಕ್ಕದ ಮನೆಯ 600 ವ್ಯಾಟಿನ ಪುಟ್ಟ ಇನ್ವರ್ಟರ್ ತಂದೆ. ಮಿಕ್ಸಿ 750 ವ್ಯಾಟ್. ಅಲ್ಲಿಗೇ ನಿಲ್ಲಿಸಬೇಕಿತ್ತು. ಸ್ವಿಚ್ ಹಾಕಿದೆ, ಮಿಕ್ಸಿ ಒಂದು ಸಲ ಹೂಂಕರಿಸಿತು, ಇನ್ವರ್ಟರ್ ಕಿರುಚಿತು, ಎಲ್ಲ ಬಲ್ಬೂ ಮಂಕಾದವು. 750 ವ್ಯಾಟನ್ನು 12 ವೋಲ್ಟಿನಿಂದ ತೆಗೆಯಬೇಕಾದರೆ 62 ಆಂಪ್, ಇನ್ವರ್ಟರಿನ ನಷ್ಟ ಸೇರಿ 70ರ ಹತ್ತಿರ. ನನ್ನ ಫ್ಯೂಸು 50. ಚಟ್ನಿ ಒರಳಿನಲ್ಲಿ ಆಯಿತು.

ಜುಲೈ 20

ಜುಲೈ 14ಕ್ಕೆ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಲಾಂಚಿನ ಸಾಲು ಇಲ್ಲ. ಶನಿವಾರ ಸಾಗರಕ್ಕೆ ಹೋಗಿ ಖುಷಿಯಲ್ಲಿ ಬಂದೆ. ಡೈರಿಯ ಎರಡು ಗೆರೆ ನೆನಪಿಟ್ಟುಕೊಂಡು ಪೆಟ್ಟಿಗೆಯನ್ನು ಮನೆಯಲ್ಲೇ ಇಟ್ಟೆ. ರಾತ್ರಿಯಿಡೀ ಮಳೆ.

ಬೆಳಗ್ಗೆ ದಡಕ್ಕೆ ಹೋದರೆ ದೋಣಿ ಕಾಣಲಿಲ್ಲ. ಹತ್ತಿರ ಹೋದ ಮೇಲೆ ಅದರ ಅಂಚು ಮಾತ್ರ ನಾಲ್ಕು ಬೆರಳು ನೀರಿನ ಮೇಲೆ. ಒಳಗೆ ಸೀಟಿನವರೆಗೆ ನೀರು, ಫ್ಯೂಸ್ ಡಬ್ಬಿ ನೀರಿನಡಿ, ಒಂದು ಚಪ್ಪಲಿ ತೇಲುತ್ತಿದೆ. ಎಂಜಿನ್ನು ಮನೆಯಲ್ಲಿತ್ತು, ಪುಣ್ಯ. ಭಾವನೂ ನಾನೂ ಬಕೆಟ್ ಹಿಡಿದು ಮೂರು ಗಂಟೆ ನೀರು ಎತ್ತಿದೆವು. ಪಂಪು ತಳದಲ್ಲಿ ಸುಮ್ಮನೆ ಕೂತಿತ್ತು. ಒಳ್ಳೇ ಪಂಪು, ಒಳ್ಳೇ ವೈರು, ಒಳ್ಳೇ ಜಾಲರಿ. ಬ್ಯಾಟರಿ ಮಾತ್ರ ಮನೆಯಲ್ಲಿ ಬೆಚ್ಚಗೆ.

ಯೋಜನೆಯೇ ತಪ್ಪು. ಜೀಪಿಗೂ ಮನೆಗೂ ಯಾವಾಗ ಬ್ಯಾಟರಿ ಬೇಕು ಅಂತ ನಾನು ಹೇಳಬಹುದು. ದೋಣಿಯ ಪಂಪಿಗೆ ಯಾವಾಗ ಬೇಕು ಅಂತ ಮಳೆ ಹೇಳುತ್ತದೆ. ಅದು ಪೆಟ್ಟಿಗೆ ಬರುವವರೆಗೆ ಕಾಯಲ್ಲ.

ಆಗಸ್ಟ್ 3

ಪಂಪಿಗೆ ಬೇರೆಯೇ ಪುಟ್ಟ ಬ್ಯಾಟರಿ. ಎಷ್ಟು ದೊಡ್ಡದು ಬೇಕು ಅಂತ ಈ ಸಲ ಮೊದಲೇ ಲೆಕ್ಕ ಹಾಕಿದೆ. ದೋಣಿಯ ಬಾಯಿ ಸುಮಾರು 6 ಚದರ ಮೀಟರ್. ರಾತ್ರಿಗೆ 200 ಮಿಲಿಮೀಟರ್ ಸುರಿದರೆ 1,200 ಲೀಟರ್. ನಿಮಿಷಕ್ಕೆ 46 ಲೀಟರಿನಂತೆ 26 ನಿಮಿಷ. 3.4 ಆಂಪಿನಂತೆ ಒಂದೂವರೆ ಆಂಪ್-ಅವರ್. ಅಷ್ಟೇ! ಇಷ್ಟು ಚಿಕ್ಕ ಕೆಲಸಕ್ಕೆ 20 ಕಿಲೋ ಹೊತ್ತುಕೊಂಡು ಕೆಸರು ತುಳಿದಿದ್ದೆ.

12 ವೋಲ್ಟ್ 7 ಆಂಪ್-ಅವರ್, ಕಂಪ್ಯೂಟರ್ ಯುಪಿಎಸ್ಸಿನ ಬ್ಯಾಟರಿ, 950 ರೂ. 10 ವ್ಯಾಟಿನ ಸೋಲಾರ್ ಹಲಗೆ, ಕಂಟ್ರೋಲರ್ ಸೇರಿ 1,350. ಬ್ಯಾಟರಿಯಿಂದ ಒಂದು ಗೇಣಿನೊಳಗೆ 5 ಆಂಪಿನ ಫ್ಯೂಸು, ಅಲ್ಲಿಂದ ನೇರ ಫ್ಲೋಟ್ ಸ್ವಿಚ್ಚಿಗೆ, ನಡುವೆ ಯಾವ ಸ್ವಿಚ್ಚೂ ಇಲ್ಲ. ಮೋಡದ ದಿನ ಹಲಗೆಯಿಂದ ಬರೋದು 0.1 ಆಂಪ್, ನಾಚಿಕೆಯಾಗುವಷ್ಟು. ಎರಡು ದಿನ ಬಿಸಿಲು ಕಾಣದೇ ಭಾರೀ ಮಳೆ ಹಿಡಿದರೆ ಪೆಟ್ಟಿಗೆ ತಂದು ಹತ್ತು ಗಂಟೆ ಜೋಡಿಸುತ್ತೇನೆ. ಇಲ್ಲಿಯವರೆಗೆ ಎರಡು ಸಲ ಹಾಗೆ ಮಾಡಿದ್ದೇನೆ.

ಮುಳುಗಿದ ಫ್ಯೂಸ್ ಡಬ್ಬಿಯನ್ನು ತೊಳೆದು ಒಣಗಿಸಿ, ಸೀಟಿಗಿಂತ ಮೇಲೆ ಕೂರಿಸಿದೆ. ತವರದ ವೈರಿಗೆ ಏನೂ ಆಗಿರಲಿಲ್ಲ.

ಆಗಸ್ಟ್ 10

ದುಡ್ಡಿನ ಲೆಕ್ಕ. ಈಗ ಕೆಲಸ ಮಾಡುತ್ತಿರುವುದಕ್ಕೆ 23,200. ಕಸಕ್ಕೆ ಹೋದದ್ದು 2,790, ಅದರಲ್ಲಿ ಎಸಿ ಕ್ಲಾಂಪ್ ಮೀಟರನ್ನು ಭಾವ ಇಟ್ಟುಕೊಂಡಿದ್ದಾನೆ, ಅವನ ಮೋಟರ್ ಶೆಡ್ಡಿಗೆ ಅದೇ ಸರಿ. ಸ್ಲೀವು, ಟೇಪು, ರಬ್ಬರ್ ಬುಷ್ಷು, ಸಾಗರದ ಚಹಾ ಲೆಕ್ಕಕ್ಕೆ ಇಟ್ಟಿಲ್ಲ.

ಪೆಟ್ಟಿಗೆ ಈಗ ಜೀಪಿಗೂ ಮನೆಗೂ ಓಡಾಡುತ್ತದೆ, ದೋಣಿಯ ಲೈಟಿಗೆ ಸಂಜೆ ಮಾತ್ರ ಹೋಗುತ್ತದೆ. ಒಂದು ತಾಸು ಸುಮ್ಮನೆ ಇಟ್ಟು ಅಳೆದಾಗ 12.2ಕ್ಕೆ ಬಂದಿದ್ದರೆ ಅರ್ಧ ಖಾಲಿ ಅಂತ ಲೆಕ್ಕ, ಅಲ್ಲಿಗೆ ನಿಲ್ಲಿಸುತ್ತೇನೆ.

ಬಾಕಿ ಒಂದಿದೆ. ಕೇಬಲ್ ಎಳೆಯುವಾಗ ಜೀಪಿನ ಮುಂದಿನ ಹಳೇ ಅರ್ತ್ ಪಟ್ಟಿಯನ್ನು ತುಕ್ಕು ಹಿಡಿದಿದೆ ಅಂತ ಬಿಚ್ಚಿ ಬದಲಿಸಿದ್ದೆ. ಅವತ್ತಿನಿಂದ ಸ್ಟೇರಿಂಗ್ ಬಲಕ್ಕೆ ತಿರುಗಿಸಿದಾಗ ಮಾತ್ರ ಹಾರ್ನ್ ಕೂಗುತ್ತಿದೆ. ನಮ್ಮ ಮನೆ ದಾರಿಯಲ್ಲಿ ಎಡ ತಿರುವೇ ಜಾಸ್ತಿ. ನಾಳೆ ಸ್ಟೇರಿಂಗ್ ಬಿಚ್ಚಬೇಕು.